ಬೇಲಿ ಹಾಕಿಸಿಕೊಳ್ಳದ ಊರು

ನವೆಂಬರ್ ತಿಂಗಳ ಕೊನೆಯ ಗುರುವಾರ ಇಂಗ್ಲೆಂಡಿನ ಲ್ಯಾಕ್ಸ್‌ಟನ್ ಎಂಬ ಹಳ್ಳಿಯ ಹನ್ನೆರಡು ಮಂದಿ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಹೊಲದ ಕಡೆ ಹೊರಡುತ್ತಾರೆ. ಜೊತೆಯಲ್ಲಿ ಒಂದಷ್ಟು ಮರದ ಗೂಟ, ಹೊಡೆಯಲು ಕೊಡತಿ. ಚಳಿಗಾಲದ ಗೋಧಿ ಬಿತ್ತಿ ಕೆಲವು ವಾರಗಳಾಗಿರುತ್ತವೆ. ಆದರೆ ಇವರು ಹೊರಟಿರುವುದು ಪೈರು ಹೇಗಿದೆ ಎಂದು ನೋಡಲಿಕ್ಕಲ್ಲ. ಉಳುವಾಗ ಯಾರು ಪಕ್ಕದವನ ಹೊಲಕ್ಕೆ ಒಂದು ಸಾಲು ಜಾಸ್ತಿ ನುಗ್ಗಿದ್ದಾರೆ, ಯಾರ ನೇಗಿಲು ಹೊಲದ ದಾರಿಯನ್ನು ತಿಂದಿದೆ, ಊರೊಟ್ಟಿನ ಹುಲ್ಲುಗಾವಲಿನ ಅಂಚನ್ನು ಯಾರು ಸದ್ದಿಲ್ಲದೆ ಕೆರೆದುಕೊಂಡಿದ್ದಾರೆ ಎಂದು ಪತ್ತೆ ಮಾಡಲಿಕ್ಕೆ. ಕಂಡುಬಂದ ಕಡೆ ಗಡಿ ಎಲ್ಲಿರಬೇಕಿತ್ತೋ ಅಲ್ಲಿ ಗೂಟ ಹೊಡೆಯುತ್ತಾರೆ, ಒತ್ತಿದವನ ಹೆಸರು ಬರೆದುಕೊಳ್ಳುತ್ತಾರೆ, ಮಧ್ಯಾಹ್ನ ಊರಿನ ಪಬ್‌ನಲ್ಲಿ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ಹೆಸರು ಬರೆಸಿಕೊಂಡವನೂ ಅದೇ ಊಟದ ಪಂಕ್ತಿಯಲ್ಲಿ ಇರಬಹುದು.

ಒತ್ತುವರಿ ಎಂಬುದು ನಮ್ಮಲ್ಲಿ ಸರ್ವೆಯರ್, ತಹಶೀಲ್ದಾರ್, ಕೊನೆಗೆ ಸಿವಿಲ್ ಕೋರ್ಟು ಎಂದು ತಲೆಮಾರುಗಟ್ಟಲೆ ಎಳೆಯುವ ಸಂಗತಿ. ಲ್ಯಾಕ್ಸ್‌ಟನ್ನಿನಲ್ಲಿ ಅದು ವರ್ಷಕ್ಕೊಮ್ಮೆ, ಒಂದೇ ದಿನದಲ್ಲಿ ಮುಗಿಯುವ ಕೆಲಸ. ಶತಮಾನಗಳಿಂದ ನಡೆದುಬಂದ ಕೆಲಸವೂ ಹೌದು.

ಇಂಗ್ಲೆಂಡಿನ ಹಳೆಯ ಹಳ್ಳಿ ಎಂದಾಗ ಪ್ರವಾಸಿಗಳು ಓಡುವುದು ಕಾಟ್ಸ್‌ವೋಲ್ಡ್ಸ್ ಕಡೆಗೆ. ಬೈಬರಿಯ ಜೇನುಬಣ್ಣದ ಕಲ್ಲಿನ ಮನೆಗಳು, ಕ್ಯಾಸಲ್ ಕೂಂಬ್‌ನ ಸೇತುವೆ, ಕಿಟಕಿಯ ಕೆಳಗೆ ತೂಗುವ ಹೂಕುಂಡ. ಅವೆಲ್ಲ ಚೆಂದವೇ. ಆದರೆ ಅಲ್ಲಿ ಹಳೆಯದಾಗಿ ಉಳಿದಿರುವುದು ಗೋಡೆ ಮಾತ್ರ. ಆ ಗೋಡೆ ಕಟ್ಟಿಸಿದ ಬದುಕು ಹೋಗಿ ಬಹಳ ಕಾಲವಾಯಿತು. ನಾಟಿಂಗ್‌ಹ್ಯಾಮ್ ಪಟ್ಟಣದ ಈಶಾನ್ಯಕ್ಕೆ, ಶೆರ್ವುಡ್ ಕಾಡಿನ ಅಂಚಿನಾಚೆ ಇರುವ ಲ್ಯಾಕ್ಸ್‌ಟನ್ ಫೋಟೋಕ್ಕೆ ಅಷ್ಟೇನೂ ಒದಗದ ಊರು. ಕೆಂಪು ಇಟ್ಟಿಗೆ, ಕೆಂಪು ಹೆಂಚು, ಮಳೆ ಬಂದರೆ ಕಾಲಿಗೆ ಅಂಟುವ ಕೆಂಪು ಜೇಡಿ. ಇಲ್ಲಿ ಹಳೆಯದಾಗಿರುವುದು ಒಂದು ವ್ಯವಸ್ಥೆ. ಮಧ್ಯಯುಗದ ಯುರೋಪಿನ ದೊಡ್ಡ ಭಾಗವನ್ನು ಉಣಿಸಿದ ಬೇಲಿಯಿಲ್ಲದ ಬಯಲು ಹೊಲಗಳ ಬೇಸಾಯ, ಅದನ್ನು ಕಾಯುವ ನ್ಯಾಯಸಭೆಯ ಸಮೇತ, ಇಂಗ್ಲೆಂಡಿನಲ್ಲಿ ಜೀವಂತವಾಗಿ ಉಳಿದಿರುವುದು ಇಲ್ಲಿ ಮಾತ್ರ. ಡೆವನ್‌ನ ಬ್ರಾಂಟನ್‌ನಲ್ಲಿ, ಕಾರ್ನ್‌ವಾಲ್‌ನ ಬಾಸ್‌ಕಾಸಲ್ ಬಳಿ, ಲಿಂಕನ್‌ಷೈರಿನ ಆಕ್ಸ್‌ಹೋಮ್ ಸೀಮೆಯಲ್ಲಿ ಅಂಥ ಹೊಲಗಳ ತುಣುಕುಗಳು ಉಳಿದಿವೆ. ಅವನ್ನು ನಡೆಸುವ ಪಂಚಾಯಿತಿ ಉಳಿದಿಲ್ಲ.

ಊರೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ತೋಟದಮನೆಗಳು ಇರುವ ಜಾಗ. ಇಂಗ್ಲೆಂಡಿನ ಉಳಿದ ಕಡೆ ರೈತನ ಮನೆ ಸಾಮಾನ್ಯವಾಗಿ ಹೊಲಗಳ ನಡುವೆ ಒಂಟಿಯಾಗಿ ನಿಂತಿರುತ್ತದೆ. ಊರಿನ ಬೀದಿಯಲ್ಲಿ ಕೂಲಿಗಳು, ಕಮ್ಮಾರ, ಪಾದ್ರಿ, ಈಚೆಗೆ ನಗರದಿಂದ ಬಂದ ನಿವೃತ್ತರು. ಲ್ಯಾಕ್ಸ್‌ಟನ್ನಿನಲ್ಲಿ ರೈತರ ಮನೆಗಳು ಬೀದಿಯಲ್ಲೇ ಸಾಲಾಗಿವೆ. ಎಷ್ಟೋ ಮನೆಗಳ ಪಕ್ಕೆಗೋಡೆ ಬೀದಿಗೆ, ಬಾಗಿಲು ಒಳಗಿನ ಅಂಗಳಕ್ಕೆ. ಹಿಂದೆ ಕೊಟ್ಟಿಗೆ, ಕಣಜ, ಅದರ ಹಿಂದೆ ಉದ್ದಕ್ಕೆ ಚಾಚಿದ ಹಿತ್ತಲು. ಕಾರಣ ಸರಳ. ಒಬ್ಬ ರೈತನ ಹೊಲ ಒಂದೇ ಕಡೆ ಇಲ್ಲ. ಊರಿನ ನಾಲ್ಕೂ ದಿಕ್ಕಿಗೆ ಚೂರುಚೂರಾಗಿ ಹರಡಿದೆ. ಎಲ್ಲಕ್ಕೂ ಸಮದೂರದಲ್ಲಿರುವ ಜಾಗವೆಂದರೆ ಊರೇ.

ಅರಸರ ಕಥೆ ಬೇಕಾದವರಿಗೆ ಅದೂ ಸಿಗುತ್ತದೆ. 1086ರ ಡೂಮ್ಸ್‌ಡೇ ದಫ್ತರದಲ್ಲಿ ಊರಿನ ಹೆಸರಿದೆ. ಟೋಕಿ ಎಂಬವನಿಂದ ಕೈತಪ್ಪಿದ ಊರು ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್ ಸರದಾರನ ಪಾಲಾಗಿತ್ತು. ಊರಿನ ಉತ್ತರಕ್ಕೆ ಮಣ್ಣಿನ ದಿಬ್ಬವೊಂದಿದೆ. ಅದರ ಮೇಲೆ ಒಂದು ಕಾಲಕ್ಕೆ ಕೋಟೆಯಿತ್ತು. ಅಲ್ಲಿದ್ದ ಎವರಿಂಗ್‌ಹ್ಯಾಮ್ ಮನೆತನದವರು ಶೆರ್ವುಡ್ ಕಾಡಿನ ವಂಶಪಾರಂಪರ್ಯ ಪಾಲಕರು. ಅಂದರೆ ರಾಬಿನ್ ಹುಡ್ ಕಥೆಗಳಲ್ಲಿ ಜಿಂಕೆ ಹೊಡೆದವರನ್ನು ಅಟ್ಟಿಸಿಕೊಂಡು ಹೋಗುತ್ತಾರಲ್ಲ, ಆ ಪಕ್ಷದವರು. ಇಗರ್ಜಿಯಲ್ಲಿ ಅವರ ಶಿಲಾಪ್ರತಿಮೆಗಳು ಮಲಗಿವೆ; ಅವುಗಳ ನಡುವೆ ಓಕ್ ಮರದಲ್ಲಿ ಕೆತ್ತಿದ ಹೆಂಗಸಿನ ಪ್ರತಿಮೆಯೂ ಒಂದಿದೆ. ಮಧ್ಯಯುಗದ ಮರದ ಪ್ರತಿಮೆಗಳು ಉಳಿದಿರುವುದು ಅಪರೂಪ, ಹಾಗಾಗಿ ಬಲ್ಲವರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಆದರೆ ಈ ಊರನ್ನು ಊರು ಮಾಡಿದ್ದು ಕೋಟೆಯಲ್ಲ, ನೇಗಿಲು.

ಭಾರದ ಜೇಡಿಮಣ್ಣನ್ನು ಉಳಲು ಮರದ ನೇಗಿಲಿಗೆ ಎಂಟು ಎತ್ತುಗಳನ್ನು ಹೂಡುತ್ತಿದ್ದ ಕಾಲವನ್ನು ನೆನೆಯಿರಿ. ಅಷ್ಟು ಉದ್ದದ ಹೂಟೆಯನ್ನು ಹೊಲದ ತುದಿಯಲ್ಲಿ ತಿರುಗಿಸುವುದು ದೊಡ್ಡ ಫಜೀತಿ. ತಿರುವು ಕಡಿಮೆಯಾಗಬೇಕಾದರೆ ಸಾಲು ಉದ್ದವಾಗಬೇಕು. ಎತ್ತುಗಳು ದಮ್ಮು ಕಟ್ಟದೆ ಎಳೆಯಬಲ್ಲ ಒಂದು ಸಾಲಿನ ಉದ್ದವೇ ಫರ್ಲಾಂಗು, 220 ಗಜ. ನಮ್ಮ ಅಜ್ಜಂದಿರು ಊರಿಂದೂರಿಗೆ ದಾರಿ ಹೇಳುವಾಗ ಬಳಸುತ್ತಿದ್ದ ಫರ್ಲಾಂಗು ಹುಟ್ಟಿದ್ದು ಇಂಥ ಹೊಲಗಳಲ್ಲಿ. ಉದ್ದಕ್ಕೆ ಒಂದು ಫರ್ಲಾಂಗು, ಅಗಲಕ್ಕೆ 22 ಗಜ ಉತ್ತರೆ ಒಂದು ಎಕರೆ. ಸರಿಸುಮಾರು ಒಂದು ದಿನದ ಕೆಲಸ. ಆ 22 ಗಜವೇ ಕ್ರಿಕೆಟ್ ಪಿಚ್ಚಿನ ಉದ್ದವೂ ಹೌದು. ನೇಗಿಲು ಮಣ್ಣನ್ನು ಯಾವಾಗಲೂ ಒಂದೇ ಮಗ್ಗುಲಿಗೆ ಮಗುಚುತ್ತಿದ್ದುದರಿಂದ ವರ್ಷವರ್ಷಕ್ಕೂ ಪಟ್ಟಿಯ ನಡು ಉಬ್ಬಿ, ಅಂಚು ತಗ್ಗಾಗಿ, ಮಳೆನೀರು ಹರಿದುಹೋಗುವ ಕಾಲುವೆ ತಾನೇ ಆಗುತ್ತಿತ್ತು. ತುದಿಯಲ್ಲಿ ಎತ್ತು ತಿರುಗಿಸಲು ಮೊದಲೇ ವಾಲಿಸಬೇಕಾಗಿ ಬಂದು ಪಟ್ಟಿಗಳು ಮೆಲ್ಲಗೆ ಬಾಗಿದವು. ಇಂಗ್ಲೆಂಡಿನ ನಡುನಾಡಿನ ಹುಲ್ಲುಗಾವಲುಗಳ ಮೇಲೆ ಸಂಜೆಯ ಓರೆ ಬಿಸಿಲು ಬಿದ್ದಾಗ ಈ ಉಬ್ಬುತಗ್ಗುಗಳು ಇವತ್ತಿಗೂ ಎದ್ದು ಕಾಣುತ್ತವೆ. ಎತ್ತು ಹೋಗಿ ಶತಮಾನಗಳಾದರೂ ಅವುಗಳ ನಡಿಗೆಯ ಗುರುತು ನೆಲದಲ್ಲಿದೆ.

ಲ್ಯಾಕ್ಸ್‌ಟನ್ನಿನ ಬಯಲು ಹೊಲಗಳು ಈಗ ಮೂರು: ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಿರಣಿ ಹೊಲ. ಹೊಲ ಎಂದರೆ ನೂರಕ್ಕೂ ಹೆಚ್ಚು ಎಕರೆಯ ಒಂದೇ ಬಯಲು. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ, ನಮ್ಮಲ್ಲಿರುವಂಥ ಬದುವೂ ಇಲ್ಲ. ಅದರೊಳಗೆ ಪಟ್ಟಿಪಟ್ಟಿಯಾಗಿ ಬೇರೆಬೇರೆಯವರ ಹಿಡುವಳಿ. ಒಂದು ವರ್ಷ ಒಂದು ಹೊಲಕ್ಕೆ ಚಳಿಗಾಲದ ಗೋಧಿ, ಮರುವರ್ಷ ವಸಂತದಲ್ಲಿ ಬಿತ್ತುವ ಬಾರ್ಲಿಯಂಥ ಬೆಳೆ, ಮೂರನೆಯ ವರ್ಷ ಬೀಳು. ಯಾರ ಪಟ್ಟಿ ಎಲ್ಲೇ ಇರಲಿ, ಆ ಹೊಲದಲ್ಲಿ ಆ ವರ್ಷ ಎಲ್ಲರದೂ ಒಂದೇ ಸರದಿ. ನನ್ನ ನೆಲ, ನನಗೆ ಬೇಕಾದ್ದು ಬೆಳೆಯುತ್ತೇನೆ ಎನ್ನುವಂತಿಲ್ಲ. ಏಕೆಂದರೆ ಬೀಳಿನ ವರ್ಷ ಆ ಹೊಲವೆಲ್ಲ ಊರ ದನಕುರಿಗಳ ಮೇವಿನ ಜಾಗ. ಒಬ್ಬ ನಡುವೆ ಅವರೆಕಾಳು ಬಿತ್ತಿ ಕೂತರೆ ಉಳಿದವರ ಕುರಿ ಎಲ್ಲಿಗೆ ಹೋಗಬೇಕು? ಈಚಿನ ದಶಕಗಳಲ್ಲಿ ಬೀಳಿಗೆ ಬದಲು ಮೇವಿನ ಬೆಳೆ ಹಾಕಲು ಒಪ್ಪಿಗೆಯಾಗಿದೆ. ಆ ಸಡಿಲಿಕೆಯೂ ಒಬ್ಬೊಬ್ಬರು ಮಾಡಿಕೊಂಡಿದ್ದಲ್ಲ, ಎಲ್ಲರೂ ಕೂಡಿ ಮಾಡಿದ್ದು.

ಪಟ್ಟಿಗಳನ್ನು ಹೀಗೆ ಚದುರಿಸಿದ್ದು ಏಕೆ ಎಂಬ ಪ್ರಶ್ನೆಗೆ ವಿದ್ವಾಂಸರು ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಎಲ್ಲರಿಗೂ ಸಮ ಬರಲೆಂಬ ನ್ಯಾಯದೃಷ್ಟಿ ಎನ್ನುವುದು ಹಳೆಯ ಉತ್ತರ. ಲ್ಯಾಕ್ಸ್‌ಟನ್ನಿನ ಬಗ್ಗೆಯೇ 1938ರಲ್ಲಿ ‘ದಿ ಓಪನ್ ಫೀಲ್ಡ್ಸ್’ ಎಂಬ ಪುಸ್ತಕ ಬರೆದ ಆರ್ವಿನ್ ದಂಪತಿ ಅದನ್ನು ಒಪ್ಪಲಿಲ್ಲ. ಇದು ಆದರ್ಶದ ಮಾತಲ್ಲ, ನೇಗಿಲಿನ ಮಾತು ಎಂಬುದು ಅವರ ವಾದ. ದಿನಕ್ಕೆ ಎಷ್ಟು ಉಳಬಹುದೋ ಅಷ್ಟಷ್ಟು ತುಂಡು, ಕೂಡಿ ಉತ್ತವರಲ್ಲಿ ಸರದಿಯಂತೆ ಹಂಚಿಕೆ. 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞೆ ಡೀಡ್ರಾ ಮೆಕ್ಲಾಸ್ಕಿ ಮೂರನೆಯ ಉತ್ತರ ಕೊಟ್ಟರು: ಇದು ವಿಮೆ. ತಗ್ಗಿನ ಪಟ್ಟಿ ಕೊಳೆತರೆ ದಿಬ್ಬದ ಪಟ್ಟಿ ಕೈಹಿಡಿಯುತ್ತದೆ. ಅರ್ಧ ಎಕರೆ ಕೆರೆಯ ಕೆಳಗೆ, ಒಂದೆಕರೆ ಗುಡ್ಡದ ಓರೆಯಲ್ಲಿ ಇಟ್ಟುಕೊಂಡ ಯಾವ ರೈತನಿಗೂ ಈ ಮೂರನೆಯ ಉತ್ತರಕ್ಕೆ ಅರ್ಥಶಾಸ್ತ್ರ ಬೇಕಾಗುವುದಿಲ್ಲ. ನನಗೆ ಮೂರೂ ಒಟ್ಟಿಗೇ ನಿಜವಿರಬಹುದು ಅನಿಸುತ್ತದೆ. ಎಂಟುನೂರು ವರ್ಷ ಬಾಳುವ ಪದ್ಧತಿಗೆ ಒಂದೇ ಕಾರಣ ಸಾಲುವುದಿಲ್ಲ.

ಉಳಲಾಗದ ಜಾಗಗಳೂ ಇವೆ. ಜೌಗು ತಗ್ಗುಗಳು, ಕಡಿದಾದ ಇಳಿಜಾರುಗಳು. ಅವಕ್ಕೆ ಅಲ್ಲಿ ಸೈಕ್ ಎನ್ನುತ್ತಾರೆ. ನೇಗಿಲು ಕಾಣದ ಊರೊಟ್ಟಿನ ಹುಲ್ಲು ನೆಲ. ಅದರ ಹುಲ್ಲನ್ನು ಬೇಸಿಗೆಯಲ್ಲಿ ಹರಾಜು ಹಾಕಿ ಬಂದ ಹಣವನ್ನು ಹಕ್ಕುಳ್ಳವರು ಹಂಚಿಕೊಳ್ಳುತ್ತಾರೆ. ಗೊಬ್ಬರ, ಕಳೆನಾಶಕ ಕಾಣದ ಕಾರಣ ಬೇರೆ ಎಷ್ಟೋ ಕಡೆ ಅಳಿದುಹೋದ ಹುಲ್ಲುಹೂವುಗಳು ಅಲ್ಲಿ ಉಳಿದಿವೆ. ಈಗ ಅವು ಪ್ರಕೃತಿ ಸಂರಕ್ಷಣೆಯ ಕಾನೂನಿನಡಿ ವಿಶೇಷ ವೈಜ್ಞಾನಿಕ ಮಹತ್ವದ ತಾಣ. ಇನ್ನು ತಪ್ಪಿಸಿಕೊಂಡು ಪೈರಿಗೆ ಬಿದ್ದ ದನಗಳನ್ನು ಹಿಡಿದು ಕೂಡಿಹಾಕಲು ಪಿಂಡರ್ ಎಂಬ ಹುದ್ದೆಯವನಿದ್ದ. ಅವನು ಕೂಡಿಹಾಕುತ್ತಿದ್ದ ಆವರಣವೂ ಊರಿನಲ್ಲಿದೆ. ನಮ್ಮ ಹಳ್ಳಿಗಳ ದನದ ದೊಡ್ಡಿ ನೋಡಿದವರಿಗೆ ವಿವರಿಸುವ ಅಗತ್ಯವಿಲ್ಲ. ದಂಡ ಕಟ್ಟಿ ದನ ಬಿಡಿಸಿಕೊಳ್ಳುವ ಈ ಪದ್ಧತಿ ಭಾರತದ 1871ರ ದನಗಳ ಅತಿಕ್ರಮಣ ಕಾಯ್ದೆಯಲ್ಲೂ ಇದೆ.

ಕರ್ನಾಟಕದ ಓದುಗರು ಒಂದು ಕ್ಷಣ ನಿಲ್ಲಬೇಕಾದ ಜಾಗ ಮುಂದಿನದು.

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಲ್ಯಾಕ್ಸ್‌ಟನ್ನಿನ ಪ್ರತಿಯೊಂದು ಪಟ್ಟಿಯನ್ನೂ ಅಳೆದು, ಯಾರದು, ಎಷ್ಟು ಎಂದು ಪಹಣಿಯಂಥ ಪುಸ್ತಕ ಬರೆದು, ಅದಕ್ಕೆ ಹೊಂದುವ ದೊಡ್ಡ ನಕ್ಷೆ ಬಿಡಿಸಿದ. ಪಟ್ಟಿಗಳು ಎರಡು ಸಾವಿರಕ್ಕೂ ಹೆಚ್ಚು. ಆ ಕಾಲಕ್ಕೆ ಬಯಲು ಹೊಲಗಳು ನಾಲ್ಕಿದ್ದವು. ತೊಗಲಿನ ಹಾಳೆಗಳ ಮೇಲಿನ ಆ ನಕ್ಷೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಪಿಯರ್ಸ್ ಗೆರೆ ಎಳೆದು ಸುಮ್ಮನಾಗಲಿಲ್ಲ. ಹೊಲ ಉಳುವವರನ್ನು, ಕೊಯ್ಲು ಮಾಡುವವರನ್ನು, ಬೇಟೆಯಾಡುವವರನ್ನು ಪುಟ್ಟಪುಟ್ಟದಾಗಿ ಬರೆದ. ಹದಿನೇಳನೆಯ ಶತಮಾನದ ಒಂದು ಇಂಗ್ಲಿಷ್ ಊರು ಹೇಗಿತ್ತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಾಗದಪತ್ರ ಸಿಗುವುದು ಕಷ್ಟ.

ಈ ಮೋಜಣಿ ಮಾಡಿಸಿದವನು ಊರಿನ ಆಗಿನ ಒಡೆಯ ಸರ್ ವಿಲಿಯಂ ಕೋರ್ಟನ್. ಇವನು ಹಳೆಯ ಕುಲೀನನಲ್ಲ. ಧರ್ಮದ ಕಿರುಕುಳಕ್ಕೆ ಫ್ಲಾಂಡರ್ಸ್‌ನಿಂದ ಲಂಡನ್ನಿಗೆ ಓಡಿಬಂದ ದರ್ಜಿಯೊಬ್ಬನ ಮಗ. ಬಟ್ಟೆ, ಹಡಗು, ಬಡ್ಡಿ ವ್ಯವಹಾರದಲ್ಲಿ ದುಡಿದು ಇಬ್ಬರು ರಾಜರಿಗೆ ಸಾಲ ಕೊಡುವಷ್ಟು ಬೆಳೆದವನು. 1627ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರನ್ನು ನೆಲೆಗೊಳಿಸಿದ್ದು ಇವನ ಹಣ. ಲ್ಯಾಕ್ಸ್‌ಟನ್ನಿನ ನಕ್ಷೆ ತಯಾರಾದ ಅದೇ 1635ರ ಡಿಸೆಂಬರಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವನ್ನು ಬದಿಗೊತ್ತಿ, ಪೂರ್ವ ದೇಶಗಳೊಂದಿಗೆ ವ್ಯಾಪಾರ ಮಾಡುವ ಪರವಾನಗಿಯನ್ನು ಒಂದನೆಯ ಚಾರ್ಲ್ಸ್ ರಾಜ ಕೋರ್ಟನ್ನನ ಕೂಟಕ್ಕೆ ಕೊಟ್ಟ. 1636ರ ಏಪ್ರಿಲ್‌ನಲ್ಲಿ ಜಾನ್ ವೆಡೆಲ್ ಎಂಬ ಕಪ್ತಾನನ ಕೈಕೆಳಗೆ ಹಡಗುಗಳು ಹೊರಟವು. ಅವು ಬಂದು ನಿಂತದ್ದು ಮೊದಲು ಗೋವೆಯಲ್ಲಿ, ಆಮೇಲೆ ಭಟ್ಕಳದಲ್ಲಿ.

ಬಂದದ್ದು ಮೆಣಸಿಗೆ. ಮೆಣಸಿನ ಒಡೆಯ ಇಕ್ಕೇರಿಯ ವೀರಭದ್ರ ನಾಯಕ. 1637ರ ಆರಂಭದಲ್ಲಿ ಕೋರ್ಟನ್ನನ ಜನ ಘಟ್ಟ ಹತ್ತಿ ಇಕ್ಕೇರಿಗೆ ಹೋದರು. ಅವರಲ್ಲಿದ್ದ ಪೀಟರ್ ಮಂಡಿ ಎಂಬ ವ್ಯಾಪಾರಿ ತನ್ನ ಪ್ರವಾಸದ ದಿನಚರಿಯಲ್ಲಿ ಅದನ್ನೆಲ್ಲ ಬರೆದಿಟ್ಟಿದ್ದಾನೆ. ಭಟ್ಕಳದಲ್ಲಿ ಕೋಠಿ ತೆರೆಯಿತು. ಮರುವರ್ಷ, 1638ರಲ್ಲಿ, ಕಾರವಾರದಲ್ಲಿ. ಕಾರವಾರದ ಇಂಗ್ಲಿಷ್ ಕೋಠಿಯ ಬಗ್ಗೆ ನಾವು ಶಾಲೆಯಲ್ಲಿ ಓದುವಾಗ ಅದನ್ನು ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ನಿಜಕ್ಕೆ ಅದರ ಮೂಲ ಕಂಪನಿಯ ಈ ಎದುರಾಳಿ ಕೂಟ. ಕೋರ್ಟನ್ ಮಾತ್ರ ಇದೊಂದನ್ನೂ ಕೇಳಲಿಲ್ಲ. ಹಡಗು ಹೊರಟ ಮರು ತಿಂಗಳೇ, 1636ರ ಮೇನಲ್ಲಿ, ಸತ್ತ. ವೆಡೆಲ್ ಮರಳುವ ದಾರಿಯಲ್ಲಿ ಸಮುದ್ರ ಪಾಲಾದ. ಮಗನಿಗೆ ಉಳಿದದ್ದು ಸಾಲ. ಲ್ಯಾಕ್ಸ್‌ಟನ್ 1640ರ ಸುಮಾರಿಗೆ ಪಿಯರ್‌ಪಾಂಟ್ ಮನೆತನಕ್ಕೆ ಮಾರಾಟವಾಯಿತು. ಭಟ್ಕಳ, ಕಾರವಾರಗಳ ವ್ಯಾಪಾರ ಮುಂದೆ ಕಂಪನಿಯೊಳಗೇ ಕರಗಿತು. ಮೊಮ್ಮಗನೊಬ್ಬ ಶಂಖ, ಕಪ್ಪೆಚಿಪ್ಪು, ಒಣಗಿಸಿದ ಗಿಡ, ನಾಣ್ಯ ಕೂಡಿಡುವ ಹವ್ಯಾಸಕ್ಕೆ ಬಿದ್ದ. ಅವನ ಸಂಗ್ರಹ ಹ್ಯಾನ್ಸ್ ಸ್ಲೋನ್ ಕೈಸೇರಿ ಬ್ರಿಟಿಷ್ ಮ್ಯೂಸಿಯಮ್ಮಿನ ಬುನಾದಿಯಲ್ಲಿ ಸೇರಿಕೊಂಡಿತು.

ದುಡ್ಡಿನ ದಾರಿ ಹಿಡಿದು ಹೋದರೆ ಹೀಗೆ ಲ್ಯಾಕ್ಸ್‌ಟನ್ನಿನ ಗೋಧಿ ಹೊಲ, ಬಾರ್ಬಡೋಸಿನ ನೆಲ, ಮಲೆನಾಡಿನ ಮೆಣಸಿನ ಬಳ್ಳಿ ಒಬ್ಬನೇ ಮನುಷ್ಯನ ಲೆಕ್ಕದ ಪುಸ್ತಕದಲ್ಲಿ ಕೂಡುತ್ತವೆ. ತನ್ನದು ಎಷ್ಟು, ಅದರಿಂದ ಏನು ಬರುತ್ತದೆ ಎಂದು ತಿಳಿಯುವ ಹಂಬಲ ಆ ಶತಮಾನದ ಒಡೆಯರಿಗೆಲ್ಲ ಇದ್ದದ್ದೇ. ವೀರಭದ್ರನ ನಂತರ 1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪ ನಾಯಕನೂ ನೆಲ ಅಳೆಸಿ, ಬೆಳೆ ನೋಡಿಸಿ ‘ಶಿಸ್ತು’ ಕಟ್ಟಿದನಲ್ಲ.

ಪಿಯರ್ಸ್ ಅಳೆದಂಥ ಊರುಗಳು ಆಗ ಇಂಗ್ಲೆಂಡಿನಲ್ಲಿ ಸಾವಿರಾರು ಇದ್ದವು. ಅವೆಲ್ಲ ಎಲ್ಲಿ ಹೋದವು? ಬೇಲಿಯೊಳಗೆ. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಪಾಸು ಮಾಡಿತು. ಅವುಗಳ ಅಡಿಗೆ ಬಂದ ನೆಲ ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು. ಒಂದೊಂದು ಊರಿಗೆ ಒಂದೊಂದು ಕಾಯ್ದೆ. ದೊಡ್ಡ ಹಿಡುವಳಿದಾರರು ಅರ್ಜಿ ಹಾಕುವುದು, ಪಾರ್ಲಿಮೆಂಟು ಕಮಿಷನರುಗಳನ್ನು ನೇಮಿಸುವುದು, ಅವರು ಬಂದು ಹಳೆಯ ಪಟ್ಟಿಗಳನ್ನೆಲ್ಲ ಅಳಿಸಿ ಒಬ್ಬೊಬ್ಬರಿಗೆ ಒಂದೇ ಕಡೆ ಚೌಕಟ್ಟಾದ ನೆಲ ಹಂಚುವುದು, ನೇರ ರಸ್ತೆ ಎಳೆಯುವುದು. ಸಿಕ್ಕ ನೆಲಕ್ಕೆ ಮುಳ್ಳಿನ ಬೇಲಿ ಹಾಕುವ ಖರ್ಚು ಪಡೆದವನದೇ. ಐನೂರು ಎಕರೆಯವನಿಗೆ ಅದು ಬಂಡವಾಳ. ಎರಡೆಕರೆಯವನಿಗೆ ಬೇಲಿಯ ಖರ್ಚಿಗೇ ನೆಲ ಮಾರುವ ಗತಿ. ಕಾಗದದಲ್ಲಿ ಯಾವ ಹಕ್ಕೂ ಇಲ್ಲದೆ, ರೂಢಿಯಿಂದ ಮಾತ್ರ ಒಂದು ಹಸು ಮೇಯಿಸುತ್ತಿದ್ದ, ಪುಳ್ಳೆ ಆರಿಸುತ್ತಿದ್ದ ಗುಡಿಸಲಿನವರಿಗೆ ಏನೂ ಸಿಗಲಿಲ್ಲ. ಆಗ ನಾರ್ತಾಂಪ್ಟನ್‌ಷೈರಿನಲ್ಲಿದ್ದ ಹೆಲ್ಪ್‌ಸ್ಟನ್ ಊರಿಗೆ 1809ರ ಕಾಯ್ದೆಯಿಂದ ಬೇಲಿ ಬಂದಾಗ ಜಾನ್ ಕ್ಲೇರ್ ಎಂಬ ಕೂಲಿಯವರ ಹುಡುಗ ಹದಿನಾರರ ಆಸುಪಾಸಿನಲ್ಲಿದ್ದ. ಅವನು ಮುಂದೆ ಕವಿಯಾದ, ಆ ಸಂಕಟವನ್ನು ಕೊನೆತನಕ ಬರೆದ.

ಬೇಲಿಯಿಂದ ಇಳುವರಿ ಹೆಚ್ಚಿತೇ? ಎಷ್ಟೋ ಕಡೆ ಹೆಚ್ಚಿತು. ಗೇಣಿಯಂತೂ ಖಂಡಿತ ಹೆಚ್ಚಿತು. ಇಂಗ್ಲೆಂಡಿನ ಹಳ್ಳಿಗಾಡಿನ ಚೆಲುವೆಂದು ನಾವು ಚಿತ್ರಗಳಲ್ಲಿ ನೋಡುವ ಹಸಿರು ಬೇಲಿಗಳ ಜಾಲದ ದೊಡ್ಡ ಪಾಲು ಈ ಕಾಯ್ದೆಗಳ ಫಲ ಎಂಬುದನ್ನು ಮಾತ್ರ ಆ ಚಿತ್ರಗಳು ಹೇಳುವುದಿಲ್ಲ.

ಲ್ಯಾಕ್ಸ್‌ಟನ್ ತಪ್ಪಿಸಿಕೊಂಡದ್ದು ಊರಿನವರ ಹೋರಾಟದಿಂದ ಎಂದು ಬರೆಯಲು ಆಸೆಯಾಗುತ್ತದೆ. ಹಾಗಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಕಾಲ ಊರಿನ ನೆಲ ಇಬ್ಬರು ಅರ್ಲ್‌ಗಳ ನಡುವೆ ಬೆರೆತುಹೋಗಿತ್ತು: ಪಿಯರ್‌ಪಾಂಟ್ ವಾರಸುದಾರರಾದ ಮ್ಯಾನ್ವರ್ಸ್, ಪಕ್ಕದ ಸ್ಕಾರ್ಬರೊ. ಇಬ್ಬರಿಗೂ ಒಪ್ಪಿಗೆಯಾಗುವ ಹಂಚಿಕೆ ಕುದುರಲಿಲ್ಲ. ಕುದುರುವ ಹೊತ್ತಿಗೆ ಬೇಸಾಯದ ಬೆಲೆ ಕುಸಿದು, ಬೇಲಿಗೆ ಸುರಿದ ಹಣ ಹುಟ್ಟುವ ಭರವಸೆ ಹೋಗಿತ್ತು. ಅಂಚಿನ ಒಂದಷ್ಟು ನೆಲಕ್ಕೆ ಬೇಲಿ ಬಿದ್ದೇ ಬಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮ್ಯಾನ್ವರ್ಸ್ ಅರ್ಲ್ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿಸಿದ. ಹೀಗೆ ಕುಗ್ಗಿ ಕುಗ್ಗಿ ಇವತ್ತು ಬಯಲು ಹೊಲ ಉಳಿದಿರುವುದು ಐನೂರು ಎಕರೆಯೊಳಗೆ. ಎತ್ತಿನ ಕಾಲದ ಪಟ್ಟಿಗಳೇ ಇವು ಎಂದು ತಿಳಿಯಬೇಡಿ. ಟ್ರ್ಯಾಕ್ಟರಿಗೆ ಹೊಂದುವಷ್ಟು ಅಗಲವಾಗಿವೆ.

ಆಮೇಲಿನದು ಕೈಬದಲಾವಣೆಯ ಕಥೆ. ಆರ್ವಿನ್ ದಂಪತಿಯ ಪುಸ್ತಕದಿಂದಾಗಿ ಊರು ಹೆಸರಾಗಿತ್ತು. 1952ರಲ್ಲಿ ಮ್ಯಾನ್ವರ್ಸ್ ಅರ್ಲ್ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿದ. ಪದ್ಧತಿ ಉಳಿಯಲಿ ಎಂಬುದೇ ಆ ಮಾರಾಟದ ಉದ್ದೇಶ. 1981ರಲ್ಲಿ ಸಚಿವಾಲಯ ಅದನ್ನು ಕ್ರೌನ್ ಎಸ್ಟೇಟಿಗೆ ದಾಟಿಸಿತು. 2020ರಲ್ಲಿ ಕ್ರೌನ್ ಎಸ್ಟೇಟ್ ಮಾರಿದಾಗ ಕೊಂಡದ್ದು ಥೋರ್ಸ್‌ಬಿ ಎಸ್ಟೇಟ್, ಅಂದರೆ ಹಳೆಯ ಮ್ಯಾನ್ವರ್ಸ್ ಮನೆತನದ ಆಸ್ತಿಯೇ. ಸುಮಾರು ಎಪ್ಪತ್ತು ವರ್ಷ ಸರ್ಕಾರಿ ಸುತ್ತು ಹಾಕಿ ಊರು ಮತ್ತೆ ಹಳೆಯ ಮನೆ ಸೇರಿತು. ರೈತರು ಆಗಲೂ ಗೇಣಿದಾರರು, ಈಗಲೂ ಗೇಣಿದಾರರು.

ನೆಲ ಯಾರದಾದರೂ ಹೊಲದ ಕಟ್ಟಳೆ ಕೋರ್ಟ್ ಲೀಟ್ ಎಂಬ ನ್ಯಾಯಸಭೆಯದು. ಅದರ ಜ್ಯೂರಿಯ ಹನ್ನೆರಡು ಮಂದಿ ಗೂಟ ಹೊಡೆದು ಬಂದ ಮುಂದಿನ ವಾರ, ಡವ್‌ಕೋಟ್ ಇನ್ ಎಂಬ ಪಬ್‌ನಲ್ಲಿ ಈ ಸಭೆ ಕೂಡುತ್ತದೆ. ಒಡೆಯರ ಪರವಾಗಿ ಸ್ಟೀವರ್ಡ್ ಅಧ್ಯಕ್ಷತೆ ವಹಿಸುತ್ತಾನೆ. ಬೇಲಿಫ್ ಹಾಜರಿ ಕರೆಯುತ್ತಾನೆ. ಬರಬೇಕಾಗಿದ್ದು ಬಾರದವರಿಗೆ ಕೆಲವೇ ಪೆನ್ನಿಯ ದಂಡ. ಜ್ಯೂರಿಯ ಮುಖಂಡ ಒತ್ತುವರಿಯ ಪಟ್ಟಿ ಓದುತ್ತಾನೆ. ಒತ್ತಿದವರಿಗೆ ದಂಡ, ಅದೂ ಕೆಲವು ಪೌಂಡು. ಹಳೆಯ ಜ್ಯೂರಿ ಇಳಿದು ಮುಂದಿನ ವರ್ಷದ ಹನ್ನೆರಡು ಮಂದಿ ಬೈಬಲ್ ಮುಟ್ಟಿ ಪ್ರಮಾಣ ಮಾಡುತ್ತಾರೆ. ಇದು ನಾಟಕವಲ್ಲ. ಇಂಗ್ಲೆಂಡಿನಲ್ಲಿ ಉಳಿದಿದ್ದ ಊರೊಡೆಯರ ಇಂಥ ಹಳೆಯ ಮಾನರ್ ಕೋರ್ಟುಗಳ ನ್ಯಾಯಾಧಿಕಾರವನ್ನು 1977ರ ಕಾಯ್ದೆಯೊಂದು ತೆಗೆದುಹಾಕಿದಾಗ ಲ್ಯಾಕ್ಸ್‌ಟನ್ನಿನದನ್ನು ಹೆಸರು ಹಿಡಿದು ಹೊರಗಿಟ್ಟಿತು. ಇದರ ಅಧಿಕಾರ ಇಂದಿಗೂ ಕಾನೂನಿನದು.

ದಂಡ ಇಷ್ಟು ಚಿಕ್ಕದಾದರೆ ಯಾರು ಹೆದರುತ್ತಾರೆ ಎಂದು ಕೇಳಬಹುದು. ಹೆದರಿಕೆ ದುಡ್ಡಿನದಲ್ಲ. ತುಂಬಿದ ಪಬ್‌ನಲ್ಲಿ, ನಿಮ್ಮ ಅಪ್ಪನನ್ನೂ ಅಜ್ಜನನ್ನೂ ಬಲ್ಲವರ ಮುಂದೆ, ಇಂಥವನು ದಾರಿಯನ್ನು ಒಂದಡಿ ಉತ್ತಿದ್ದಾನೆ ಎಂದು ಗಟ್ಟಿಯಾಗಿ ಓದಿಸಿಕೊಳ್ಳುವುದು ಸಣ್ಣ ಶಿಕ್ಷೆಯಲ್ಲ. ಅದಲ್ಲದೆ ಮುಂದಿನ ವರ್ಷ ನೀವೇ ಜ್ಯೂರಿಯಲ್ಲಿರಬಹುದು. ಆಗ ಗೂಟ ನಿಮ್ಮ ಕೈಯಲ್ಲಿ. ಈ ವರ್ಷ ಅಳತೆ ಮೀರಿ ಬಿಗಿ ಹಿಡಿದವನಿಗೆ ಅದು ಗೊತ್ತಿರುತ್ತದೆ, ಸಡಿಲ ಬಿಟ್ಟವನಿಗೂ ಗೊತ್ತಿರುತ್ತದೆ.

1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಪ್ರಸಿದ್ಧ ಪ್ರಬಂಧವೊಂದನ್ನು ಬರೆದ. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತ ಹೋಗುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ. ಹಾಗಾಗಿ ಊರೊಟ್ಟಿನ ಸ್ವತ್ತಿಗೆ ನಾಶವೇ ಗತಿ ಎಂಬುದು ಅದರ ಸಾರ. ಎಲ್ಲಿಯೂ ಇಲ್ಲದ ಹುಲ್ಲುಗಾವಲನ್ನು ಕಲ್ಪಿಸಿಕೊಂಡು ಬರೆದದ್ದು ಅದು. ಲ್ಯಾಕ್ಸ್‌ಟನ್ನಿನ ಹುಲ್ಲು ಯಾವತ್ತೂ ಯಾರು ಬೇಕಾದರೂ ನುಗ್ಗಬಹುದಾದ ಹುಲ್ಲಾಗಿರಲಿಲ್ಲ. ಯಾವ ಮನೆಗೆ ಎಷ್ಟು ತಲೆ ಮೇಯಿಸುವ ಪಾಲು, ಯಾವಾಗಿನಿಂದ, ಯಾವಾಗಿನವರೆಗೆ ಎಂಬುದೆಲ್ಲ ಎಣಿಸಿ ಇಟ್ಟದ್ದು. ಇಂಥ ಪದ್ಧತಿಗಳನ್ನು ನೇಪಾಳದ ನಾಲೆಗಳಿಂದ ಸ್ವಿಟ್ಜರ್ಲೆಂಡಿನ ಬೆಟ್ಟಗಳವರೆಗೆ ಅಭ್ಯಾಸ ಮಾಡಿ, ಹಾರ್ಡಿನ್ ಹೇಳಿದಂತೆ ಆಗಲೇಬೇಕೆಂದಿಲ್ಲ ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾಗೆಂದು ಆಹಾ, ಇದೇ ಗ್ರಾಮಸ್ವರಾಜ್ಯ ಎಂದು ಹಿಗ್ಗುವುದು ಬೇಡ. ಪಿಯರ್ಸ್‌ನ ಪುಸ್ತಕದಲ್ಲೇ ಎಲ್ಲರ ಹಿಡುವಳಿಯೂ ಸಮನಾಗಿಲ್ಲ; ಕೆಲವರಿಗೆ ಬಹಳ, ಹಲವರಿಗೆ ಗುಡಿಸಲು ಮತ್ತು ಅಂಗೈಯಗಲ. ಕೋರ್ಟ್ ಲೀಟ್ ಹುಟ್ಟಿದ್ದು ಒಡೆಯನ ಕೋರ್ಟಾಗಿ, ಅವನ ಬಾಕಿ ವಸೂಲಿಗೂ ಅದೇ ಕೋರ್ಟು. ಪಾಲು ಇದ್ದವರಿಗಷ್ಟೇ ಅಲ್ಲಿ ಮಾತು. ಮೂರು ವರ್ಷಕ್ಕೊಮ್ಮೆ ಬೀಳಿಗೋ ಮೇವಿಗೋ ಬಿಡುವ ಐಷಾರಾಮ ಇವತ್ತು ನಡೆಯುತ್ತಿರುವುದೂ, ಯಾವುದೋ ಒಡೆಯ ಲಾಭದ ಲೆಕ್ಕವನ್ನು ಸ್ವಲ್ಪ ಮಡಚಿಟ್ಟಿರುವುದರಿಂದ. ಸಣ್ಣ ಹಿಡುವಳಿ, ಅದೂ ಚದುರಿದ್ದು, ಜೊತೆಗೆ ಸರದಿಯ ಕಟ್ಟುಪಾಡು: ಇಷ್ಟನ್ನು ಒಪ್ಪಿಕೊಂಡು ಬೇಸಾಯಕ್ಕಿಳಿಯುವ ಹೊಸ ತಲೆಮಾರಿನ ಗೇಣಿದಾರರು ಸಿಗಬೇಕು. ಕೊಯ್ಲಿನ ಯಂತ್ರಗಳು ವರ್ಷವರ್ಷಕ್ಕೂ ಅಗಲವಾಗುತ್ತಿವೆ, ಪಟ್ಟಿಗಳು ಅಗಲವಾಗುವಂತಿಲ್ಲ.

ನೋಡಹೋಗುವವರು ನ್ಯೂಆರ್ಕ್‌ನಲ್ಲಿ ರೈಲಿಳಿದರೆ ಊರು ಹೆಚ್ಚು ದೂರವಿಲ್ಲ. ಪಬ್ಬಿನ ಅಂಗಳದಲ್ಲೇ ಸಣ್ಣ ಮಾಹಿತಿ ಕೇಂದ್ರವಿದೆ; ಹೊಲಗಳ ಹಳೆಯ ಸ್ಥಿತಿ, ಇಂದಿನ ಸ್ಥಿತಿ ಎರಡನ್ನೂ ಅಲ್ಲಿ ತಿಳಿದುಕೊಂಡು ಹೊರಟರೆ ಒಳ್ಳೆಯದು, ಇಲ್ಲವಾದರೆ ಮೂರು ದೊಡ್ಡ ಹೊಲ ನೋಡಿ ಇಷ್ಟೇನಾ ಎಂದು ವಾಪಸಾಗುವ ಅಪಾಯವಿದೆ. ಸೈಕ್‌ಗಳ ಹೂ ನೋಡಬೇಕೆಂದಿದ್ದರೆ ಹುಲ್ಲು ಕೊಯ್ಯುವ ಮುನ್ನ, ಜೂನ್ ಹೊತ್ತಿಗೆ ಹೋಗಬೇಕು. ಹೊಲದ ದಾರಿಗಳಲ್ಲಿ ನಡೆಯಲು ಅಡ್ಡಿಯಿಲ್ಲ, ಆದರೆ ದಾರಿಯ ಮೇಲೇ ನಡೆಯಬೇಕು. ಪಕ್ಕದಲ್ಲಿರುವ ಪೈರು ಒಬ್ಬರದಲ್ಲ, ಪಟ್ಟಿಪಟ್ಟಿಗೂ ಒಬ್ಬೊಬ್ಬರದು.